ಬಿಸಿನೀರಿನ ಬುಗ್ಗೆಗೆ ಬೀಗಿತ್ತಿ ಜೊತೆ ಹೋಗಿ ಬಂದದ್ದು

ಮಂಡಿ ನೋವು ನನಗೂ ಇತ್ತು, ಬೀಗಿತ್ತಿ ರತ್ನಮ್ಮನಿಗೂ ಇತ್ತು. ಅದಕ್ಕೇ ಹೊರಟದ್ದು. ನನ್ನ ಮೊಮ್ಮಗಳು ಶ್ವೇತಾಗೂ ರತ್ನಮ್ಮನ ಮಗ ಮಂಜುಗೂ ನಿಶ್ಚಿತಾರ್ಥ ಆಗಿತ್ತು, ಮದುವೆ ಬರೋ ತಿಂಗಳು. ಪುತ್ತೂರಿನ ಕಡೆ ನೆಲದಿಂದಲೇ ಬಿಸಿನೀರು ಬರುತ್ತದೆ, ಪಕ್ಕದಲ್ಲೇ ಅಗ್ಗದ ರೆಸಾರ್ಟ್ ಇದೆ ಅಂತ ಮಂಜು ಹೇಳಿದ. ಕಡಕೊಳದ ಫ್ಯಾಕ್ಟರಿಗೆ ರಜೆ ಹಾಕಿ ಸ್ನೇಹಿತನ ಕಾರು ತಂದ. ಹುಡುಗ ಹುಡುಗಿ ಇಬ್ಬರನ್ನೇ ಕಳಿಸೋಕೆ ಆಗಲ್ಲ, ನಾವಿಬ್ಬರು ಹೆಂಗಸರು ಇದ್ದರೆ ಯಾರೂ ಮಾತಾಡಲ್ಲ. ಅದೂ ಒಂದು ಲೆಕ್ಕ.

ಕತ್ತಲು ಹರಿಯುವಾಗ ನಮ್ಮ ಕುಂಬಾರಕೊಪ್ಪಲು ಬಿಟ್ಟೆವು. ಹಿನಕಲ್ ದಾಟುವಾಗ ಚಳಿಗೆ ಗಾಜು ಏರಿಸಿದೆವು. ಹುಣಸೂರಿನಲ್ಲಿ ಇಡ್ಲಿ ತಿಂದೆವು, ಚಟ್ನಿ ಬರೀ ನೀರು. ಮಡಿಕೇರಿ ದಾಟಿ ಘಾಟಿ ಇಳಿಯುವಾಗ ಶ್ವೇತಾಗೆ ವಾಂತಿ ಬಂತು.

"ಹುಡುಗಿಗೆ ಮೈ ಸರಿ ಇಲ್ವಾ?" ಅಂದಳು ರತ್ನಮ್ಮ.

"ಘಾಟಿ ಕಣಮ್ಮ, ಯಾರಿಗಾದ್ರೂ ಬರ್ತದೆ" ಅಂದೆ.

ಅವಳು ಶ್ವೇತಾನ ಮೇಲಿಂದ ಕೆಳಗೆ ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ.

ರೆಸಾರ್ಟ್ ಅಂದರೆ ಹಂಚಿನ ಐದು ರೂಮು, ಊಟಕ್ಕೆ ಒಂದು ಶೆಡ್ಡು, ಹಿಂದೆ ಕಲ್ಲು ಕಟ್ಟಿದ ಎರಡು ಕೊಳ. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು. ರೂಮಿಗೆ ಸಾವಿರ ರೂಪಾಯಿ, ನೀರಿಗೆ ಬೇರೆ ಕೊಡಂಗಿಲ್ಲ. ಹತ್ತಿರ ಹೋದರೆ ಕೊಳೆತ ಮೊಟ್ಟೆಯ ವಾಸನೆ. ಕೊಳದ ಬಾಗಿಲಲ್ಲಿ ಒಂದು ಬೋರ್ಡು. ನನಗೆ ಓದು ಅಷ್ಟಕ್ಕಷ್ಟೆ. ಒಂದೊಂದೇ ಅಕ್ಷರ ಕೂಡಿಸಿ ಮೇಲಿನ ಸಾಲು ಓದಿದೆ: ಒಡವೆ ತೆಗೆದಿಟ್ಟು ನೀರಿಗೆ ಇಳಿಯಿರಿ. ಕೆಳಗೆ ಇನ್ನೂ ಬರೆದಿತ್ತು, ಅಷ್ಟು ಯಾರು ಓದ್ತಾರೆ.

"ತೆಗೆದಿಟ್ರೆ ತಾನೆ ಯಾರಾದ್ರೂ ಎತ್ಕೊಂಡು ಹೋಗೋದು? ಮೈಮೇಲೇ ಇರ್ಲಿ ಬುಡು" ಅಂದೆ.

"ಹೌದು ಕಣ್ರಮ್ಮ, ಯಾರನ್ನ ನಂಬೋದು" ಅಂದಳು ರತ್ನಮ್ಮ. ಗಂಡ ಹೋದ ಮೇಲೆ ಅವಳು ಓಲೆ ಬಿಟ್ಟು ಏನೂ ಹಾಕಲ್ಲ. ಶ್ವೇತಾ ಕಾಲಲ್ಲಿ ಬೆಳ್ಳಿ ಗೆಜ್ಜೆ ಇತ್ತು, ನಿಶ್ಚಿತಾರ್ಥಕ್ಕೆ ರತ್ನಮ್ಮನೇ ಕೊಟ್ಟದ್ದು. ಅವರಿಬ್ಬರೂ ನೀರಿಗೆ ಇಳಿದರು. ಬ್ಯಾಗು ಫೋನು ಕಾಯ್ಕೊಂಡು ನಾನು ಮೇಲೆ ಕೂತೆ.

ಸಂಜೆ ಶೆಡ್ಡಿನಲ್ಲಿ ಟೀ ಕುಡಿಯುವಾಗ ಶ್ವೇತಾ ಕಾಲು ನೋಡಿದೆ. ಗೆಜ್ಜೆ ಒಲೆ ಮೇಲಿನ ಪಾತ್ರೆ ತಳದ ಹಂಗೆ ಕಪ್ಪಾಗಿತ್ತು.

"ಇದು ಬೆಳ್ಳಿ ಅಲ್ಲ" ಅಂದುಬಿಟ್ಟೆ.

ರತ್ನಮ್ಮ ಲೋಟ ಕೆಳಗಿಟ್ಟಳು. "ಏನಂದ್ರಿ? ಅಂಗಡೀಲಿ ಎದುರಿಗೆ ನಿಂತು ತೂಗಿಸಿ ತಂದಿದ್ದೀನಿ. ಮೈಯಲ್ಲಿ ರೋಗ ಇದ್ರೆ ಬೆಳ್ಳಿ ಕಪ್ಪಾಗ್ತದೆ. ದಾರೀಲಿ ವಾಂತಿ ಬೇರೆ. ಏನು ಮುಚ್ಚಿಟ್ಟಿದ್ದೀರಿ, ಹೇಳ್ಬುಡಿ."

"ಮುಚ್ಚಿಡೋದು ನಮ್ಮ ಮನೇಲಿಲ್ಲ. ನಕಲಿ ಕೊಡೋದೂ ಇಲ್ಲ."

"ಅಮ್ಮ, ಬುಡಮ್ಮ" ಅಂದ ಮಂಜು.

"ನೀನು ಬಾಯಿ ಮುಚ್ಚು. ಊರಿಗೆ ಹೋಗಿ ದೊಡ್ಡೋರ್ನ ಕೂರಿಸಿ ಮಾತಾಡೋಣ."

ದೊಡ್ಡವರನ್ನು ಕೂರಿಸೋದು ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಮದುವೆ ಮುರೀತು ಅಂತಲೇ. ಶ್ವೇತಾ ಗೆಜ್ಜೆ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ನಾವಿಬ್ಬರು ಹೆಂಗಸರೂ ಮುಟ್ಟಲಿಲ್ಲ. ಕೊನೆಗೆ ಮಂಜು ಜೇಬಿಗೆ ಹಾಕಿಕೊಂಡ. ಊಟಕ್ಕೆ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು. ಉಪ್ಪು ಸಾಲದ್ದನ್ನೇ ಉಂಡು ಎದ್ದೆವು.

ಬೆಳಿಗ್ಗೆ ಎದ್ದ ತಕ್ಷಣ ರತ್ನಮ್ಮ ಬ್ಯಾಗು ಕಾರಿಗೆ ಹಾಕಿಸಿದಳು. ದುಡ್ಡು ಹೇಗೂ ಕೊಟ್ಟಾಗಿದೆ, ನನ್ನ ಮಂಡಿಗಾದರೂ ದಕ್ಕಲಿ ಅಂತ ನಾನು ಕೊಳಕ್ಕೆ ಹೋದೆ. ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟು ನೀರೊಳಗೇ ಮಂಡಿ ನೀವಿಕೊಂಡೆ. ಹಿತವಾಗಿತ್ತು, ಸುಮಾರು ಹೊತ್ತು ಕೂತೆ. ಸೆರಗು ಸರಿ ಮಾಡೋಕೆ ಕೈ ಎತ್ತಿದರೆ ಕಡಗ ಕಪ್ಪಗೆ. ನಮ್ಮವ್ವ ನನ್ನ ಮದುವೆಗೆ ತನ್ನ ಕೈಯಿಂದ ಬಿಚ್ಚಿ ಹಾಕಿದ ಬೆಳ್ಳಿ ಕಡಗ. ಸೀರೆಗೆ ಉಜ್ಜಿದೆ, ಹೋಗಲಿಲ್ಲ.

ಬೋರ್ಡಿನ ಹತ್ತಿರ ಹೋಗಿ ಕೆಳಗಿನ ಸಾಲಿಗೆ ಬೆರಳಿಟ್ಟು ಓದಿದೆ: ಗಂಧಕದ ನೀರು, ಬೆಳ್ಳಿ ಕಪ್ಪಾಗುತ್ತದೆ.

ಒದ್ದೆ ಸೀರೆಯಲ್ಲೇ ಕಾರಿನ ಹತ್ತಿರ ಹೋದೆ. ರತ್ನಮ್ಮ ಆಗಲೇ ಕೂತಿದ್ದಳು. ಕಿಟಕಿಯಲ್ಲಿ ಕೈ ತೂರಿಸಿದೆ.

"ನೋಡಮ್ಮ. ನಮ್ಮವ್ವ ಹಾಕಿದ್ದು. ನಕಲಿ ಅನ್ನು, ಇಲ್ಲಾ ನನಗೂ ರೋಗ ಅನ್ನು."

ಅವಳು ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದಳು. "ನಿಮಗೆ ರೋಗ ಇದ್ದಿದ್ರೆ ಇಷ್ಟು ಬಾಯಿ ಇರ್ತಿರ್ಲಿಲ್ಲ" ಅಂದಳು.

"ನೀರಿನ ಕೆಲಸ ಇದು. ಬೋರ್ಡಲ್ಲಿ ಬರೆದವ್ರೆ, ನಾನು ಅರ್ಧ ಓದಿದ್ದು. ಗೆಜ್ಜೆ ಬೆಳ್ಳೀದೇ. ನಾನು ಅಂದಿದ್ದು ತಪ್ಪು."

ಮೂವರೂ ಇಳಿದು ಹೋಗಿ ಬೋರ್ಡು ಓದಿಕೊಂಡು ಬಂದರು. ರತ್ನಮ್ಮ ಮಗನ ಮುಂದೆ ಕೈ ಚಾಚಿದಳು, ಅವನು ಗೆಜ್ಜೆ ಕೊಟ್ಟ. ಮಂಡಿ ನೋವಿಗೆ ಮುಲುಗುತ್ತಲೇ ಕುಕ್ಕರುಗಾಲಲ್ಲಿ ಕೂತು ಶ್ವೇತಾ ಕಾಲಿಗೆ ತಾನೇ ಹಾಕಿದಳು. "ವಿಭೂತಿ ಹಾಕಿ ಉಜ್ಜವ್ವ, ಹೋಗ್ತದೆ" ಅಂದಳು. ರೋಗದ ಮಾತು ಆಡಿದ್ದಕ್ಕೆ ತಪ್ಪಾಯ್ತು ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಘಾಟಿ ಹತ್ತುವಾಗ ಶ್ವೇತಾಗೆ ಮತ್ತೆ ವಾಂತಿ ಬಂತು. ಈ ಸಲ ರತ್ನಮ್ಮ ನಿಂಬೆಹಣ್ಣು ಅವಳ ಮೂಗಿಗೆ ಹಿಡಿದುಕೊಂಡು ಕೂತಳು. ದೀಪ ಹಚ್ಚೋ ಹೊತ್ತಿಗೆ ಮನೆ ಸೇರಿದೆವು. ಮಂಡಿ ನೋವು ಹಂಗೇ ಇದೆ.

ಶ್ವೇತಾ ಅವತ್ತೇ ಗೆಜ್ಜೆ ಉಜ್ಜಿ ಬೆಳ್ಳಗೆ ಮಾಡಿದಳು. ಕಡಗ ಕೊಡು ಅಜ್ಜಿ, ಅದನ್ನೂ ಉಜ್ಜುತೀನಿ ಅಂದಳು. ಕೊಡಲಿಲ್ಲ. ಮೊದಲು ಮದುವೆ ಆಗಲಿ. ಮತ್ತೆ ಯಾರಾದ್ರೂ ರೋಗ, ನಕಲಿ ಅಂದ್ರೆ ತೋರಿಸೋಕೆ, ಅಲ್ಲೀವರೆಗೆ ನನ್ನ ಕೈಯಲ್ಲಿ ಅದು ಕಪ್ಪಗೇ ಇರಲಿ.