ಕಂತು ಕಟ್ಟುವವರಿಗೆ ಕಂತಿಲ್ಲ

ಹೋದ ತಿಂಗಳು ಅರಕಲಗೂಡಿನಲ್ಲಿ ನನ್ನ ಅಕ್ಕ ಒಂದು ನಿಜ ಹೇಳಿದಳು. ಕೈಗೆ ಬರಲಿದ್ದ ಹೊಲಿಗೆ ಮಿಷನ್ ತಪ್ಪಿಹೋಯಿತು.

ನಿಜ ಹೇಳಿದ್ದಕ್ಕೆ ಇಷ್ಟು ಬೇಗ ಶಿಕ್ಷೆಯಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. (ಹಾಸನದಲ್ಲಿ ನಾನು ಮೇಷ್ಟರು. ಸುಳ್ಳು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುವುದು ನನ್ನ ಕೆಲಸ.)

ಅಕ್ಕನ ಹೆಸರು ಬಸಮ್ಮ. ಭಾವ ರುದ್ರಪ್ಪನವರಿಗೆ ಅರಕಲಗೂಡಿನ ಪೇಟೆಯಲ್ಲಿ ಜವಳಿ ಅಂಗಡಿ ಇತ್ತು. ಧಾರಣೆ ಬಿದ್ದ ಆ ವರ್ಷಗಳು ನಿಮಗೂ ನೆನಪಿರಬೇಕು. ಯಾರ ಕೈಯಲ್ಲೂ ಕಾಸಿಲ್ಲ, ಬಟ್ಟೆ ಕೊಳ್ಳುವವರಿಲ್ಲ. ಹಾಸನದ ಸಗಟು ವ್ಯಾಪಾರಿ ಪುಟ್ಟಶೆಟ್ಟರಿಂದ ಭಾವ ಕಡ ತಂದ ಮಾಲು ಕಪಾಟಿನಲ್ಲೇ ಕೂತಿತು. ಬಡ್ಡಿ ಮಾತ್ರ ಕೂರಲಿಲ್ಲ, ಬೆಳೆಯಿತು.

ಕೊನೆಗೆ ಅಂಗಡಿ ಮುಚ್ಚಿದರು. ಉಳಿದ ಮಾಲನ್ನು ಶೆಟ್ಟರಿಗೇ ಹಿಂತಿರುಗಿಸಿ, ಮಿಕ್ಕ ಸಾಲಕ್ಕೆ ನಾಲ್ಕು ಜನ ದೊಡ್ಡವರ ಎದುರು ರಾಜಿಯಾದರು. ಬಡ್ಡಿ ನಿಲ್ಲತಕ್ಕದ್ದು, ಅಸಲನ್ನು ತಿಂಗಳ ಕಂತಿನಲ್ಲಿ ತೀರಿಸತಕ್ಕದ್ದು, ಅದು ತೀರುವ ತನಕ ಶೆಟ್ಟರ ಒಪ್ಪಿಗೆಯಿಲ್ಲದೆ ಬೇರೆ ಸಾಲ ಮಾಡತಕ್ಕದ್ದಲ್ಲ. ಭಾವ ಈಗ ಇನ್ನೊಬ್ಬರ ಅಂಗಡಿಯಲ್ಲಿ ಗುಮಾಸ್ತೆ. ಇದುವರೆಗೆ ಒಂದು ಕಂತೂ ತಪ್ಪಿಲ್ಲ.

ಆದರೆ ಒಂದು ವಿಚಿತ್ರ ನೋಡಿ. ಸಾಲ ತೀರಿಸದೆ ಒದ್ದಾಡುತ್ತಿದ್ದಾಗ ಊರಲ್ಲಿ ಎಲ್ಲರೂ ಕಡ ಕೊಡುತ್ತಿದ್ದರು. ರಾಜಿಯ ಸುದ್ದಿ ಹರಡಿದ್ದೇ ತಡ, ದಿನಸಿ ಅಂಗಡಿಯವನೂ ಬೆಲ್ಲ ಕಟ್ಟುವ ಮೊದಲು ಕೈ ನೋಡತೊಡಗಿದ. ತೀರಿಸಲು ಹೊರಟವರು ಕೆಟ್ಟವರಾದರೇ?

ಕಂತು ತಪ್ಪದಿರುವುದಕ್ಕೆ ಅಕ್ಕ ರವಿಕೆ ಹೊಲಿಯುತ್ತಾಳೆ. ಸೂಜಿಯಲ್ಲಿ, ಕೈಯಲ್ಲೇ. ಗಂಡಸು ದರ್ಜಿಗೆ ಅಳತೆ ಕೊಡಲು ಸಂಕೋಚಪಡುವ ಹೆಂಗಸರೆಲ್ಲ ಅವಳ ಬಾಗಿಲಿಗೇ ಬರುತ್ತಾರೆ. ಗೌರಿ ಹಬ್ಬ ಹತ್ತಿರವಾದರಂತೂ ಬಂದ ಬಟ್ಟೆಯಲ್ಲಿ ಅರ್ಧವನ್ನು ವಾಪಸು ಕಳಿಸಬೇಕು. ಕೈ ಎರಡೇ ತಾನೆ?

ಹಾಗಿರುವಾಗ ಹಾಸನದಿಂದ ಒಬ್ಬ ಏಜೆಂಟು ಬಂದ. ಹೊಲಿಗೆ ಮಿಷನ್ ಕಂತಿನ ಮೇಲೆ ಕೊಡುತ್ತಾರಂತೆ. ರಜಕ್ಕೆ ಹೋಗಿದ್ದ ನಾನು ಜಗಲಿಯ ಮೇಲೆಯೇ ಇದ್ದೆ. ಮಾತೆಲ್ಲ ಮುಗಿಯುವ ಹೊತ್ತಿಗೆ ಅವನು ಕೇಳಿದ: “ಬೇರೆ ಕಡೆ ಸಾಲ ಗೀಲ ಏನಾರ ಇದ್ಯಾ ಅಮ್ಮಾವ್ರೆ?”

“ಅದೆ. ಆಸನದ ಪುಟ್ಟಶೆಟ್ರಿಗೆ ಕಂತು ಕಟ್ತಾ ಇದೀವಿ” ಎಂದಳು ಅಕ್ಕ.

ಏಜೆಂಟು ಚೀಲದ ಬಾಯಿ ಕಟ್ಟಿದ. “ಇನ್ನೊಬ್ರಿಗೆ ಕಂತು ಕಟ್ಟೋರಿಗೆ ನಮ್ ಕಂಪನಿ ಕೊಡಕಿಲ್ಲ.”

ನಾನು ಜಾಮೀನು ನಿಲ್ಲುತ್ತೇನೆಂದೆ. ಸ್ವಂತ ಮನೆಯಿದೆಯೇ ಎಂದು ಕೇಳಿದ. ಇಲ್ಲ. ಜಮೀನು? ಇಲ್ಲ. ಪತ್ರಿಕೆಗೆ ಬರೆಯುತ್ತೇನೆ ಎಂದೆ. “ಅದು ಆಸ್ತಿ ಲೆಕ್ಕಕ್ಕೆ ಬರಕಿಲ್ಲ ಸಾ” ಎಂದ. (ಸಂಪಾದಕರು ದಯವಿಟ್ಟು ಗಮನಿಸಬೇಕು.)

ಅದೇ ಏಜೆಂಟು ಅಲ್ಲಿಂದ ನಾಲ್ಕು ಮನೆಯಾಚೆ ಒಬ್ಬ ಕಂಟ್ರಾಕ್ಟರರ ಮನೆಗೆ ಹೋದ. ಅವರು ಪೇಟೆಯಲ್ಲಿ ಅರ್ಧ ಜನಕ್ಕೆ ಬಾಕಿ, ಒಬ್ಬರಿಗೂ ಕಟ್ಟುವುದಿಲ್ಲ. “ಸಾಲವೇ? ನನಗೇ?” ಎಂದರಂತೆ. ಮಿಷನ್ ಅಲ್ಲಿಗೆ ಹೋಯಿತು. ಆ ಮನೆಯಲ್ಲಿ ಗುಂಡಿ ಹಾಕಲೂ ಯಾರಿಗೂ ಬಾರದು.

“ಸುಮ್ನಿರಬೋದಾಗಿತ್ತು” ಎಂದರು ಭಾವ, ಮೆಲ್ಲಗೆ.

ಮಾರನೆಯ ಬೆಳಗ್ಗೆ ಅಕ್ಕ ಮುಸುರೆ ತಿಕ್ಕುತ್ತಾ ನನ್ನನ್ನು ಕರೆದಳು.

“ಲೋ ತಮ್ಮ, ಶೆಟ್ರು ಒಪ್ಪಿಗೆ ಇಲ್ದೆ ಸಾಲ ಮಾಡಬಾರ್ದು ಅಂತ ತಾನೆ ರಾಜಿ ಆಗಿರೋದು? ಒಪ್ಪಿಗೆ ಕೇಳಬಾರ್ದು ಅಂತೇನೂ ಇಲ್ವಲ್ಲ. ನಡಿ, ಕೇಳ್ಬುಟ್ಟು ಬರಾನ.”

ಭಾವ ಬರಲಿಲ್ಲ. ಸಾಲಗಾರನಾಗಿ ಆ ಅಂಗಡಿಯ ಮೆಟ್ಟಿಲು ಹತ್ತುವುದು ತಮ್ಮಿಂದಾಗದು ಎಂದರು. ನಾವಿಬ್ಬರೇ ಬಸ್ಸು ಹತ್ತಿದೆವು. ಅಕ್ಕನ ಚೀಲದಲ್ಲಿ ತಾನು ಹೊಲಿದ ಒಂದು ರವಿಕೆ ಇತ್ತು.

ಶೆಟ್ಟರು ಗಾದಿಯ ಮೇಲೆ ಕೂತಿದ್ದರು. ಅಕ್ಕನನ್ನು ಕಂಡು ಮುಖ ಗಂಟಾಯಿತು. ಕಂತು ಕಡಿಮೆ ಮಾಡಿಸಲು ಬಂದಳು ಎಂದುಕೊಂಡಿರಬೇಕು. ಅಕ್ಕ ಬಂದ ವಿಷಯ ಹೇಳಿದಳು.

“ಸಾಲದ ಮ್ಯಾಲೆ ಸಾಲ” ಎಂದರು ಶೆಟ್ಟರು. “ನಿನ್ ಗಂಡ ಮುಳುಗಿದ್ದೂ ಇಂಗೇ ಅಲ್ವೇನಮ್ಮ?”

ಅಕ್ಕನ ಮುಖ ಕೆಂಪಾಯಿತು. “ಅವ್ರು ಮಾಲು ತಂದು, ಕೊಳ್ಳೋರು ಬತ್ತಾರೆ ಅಂತ ಕಾದ್ರು. ನಂಗೆ ಬಟ್ಟೆ ಆಗ್ಲೇ ಬಂದು ಮನೆ ತುಂಬ ಬಿದ್ದದೆ. ವಾಪಸು ಕಳಿಸ್ತಾ ಇವ್ನಿ.”

ಶೆಟ್ಟರು ಕೈ ನೀಡಿದರು. ಅಕ್ಕ ರವಿಕೆ ಕೊಟ್ಟಳು. ಅವರು ಅದನ್ನು ಒಳಮಗ್ಗುಲು ಮಾಡಿ, ತೋಳಿನ ಹೊಲಿಗೆಯನ್ನು ಎರಡೂ ಹೆಬ್ಬೆರಳಲ್ಲಿ ಎಳೆದು ನೋಡಿದರು. ಬಿಚ್ಚಲಿಲ್ಲ.

“ಒಂದು ಮಾತು ಕೇಳ್ತೀನಿ. ಒಂದ್ ತಿಂಗ್ಳು ಒಂದೇ ಕಂತಿಗೆ ಆಗೋಷ್ಟು ದುಡ್ಡು ಐತೆ ಅನ್ಕೊ. ನಂಗೆ ಕೊಡ್ತೀಯೋ, ಮಿಷನ್ನಿನವ್ನಿಗೆ ಕೊಡ್ತೀಯೋ?”

ಓದುಗರೇ, ಉತ್ತರ ನನಗೆ ಗೊತ್ತಿತ್ತು. ನಿಮಗೂ ಗೊತ್ತಿದೆ. ‘ನಿಮಗೇ ಶೆಟ್ರೆ’ ಎಂದರೆ ಮುಗಿಯಿತು. ನಾನು ಮನಸ್ಸಿನಲ್ಲೇ ಅಕ್ಕನಿಗೆ ಹೇಳಿಕೊಟ್ಟೆ.

“ಮಿಷನ್ನಿನವ್ನಿಗೆ” ಎಂದಳು ಅಕ್ಕ.

ಅವಳು ನಿಲ್ಲಲಿಲ್ಲ. “ಅವ್ನು ಮಿಷನ್ ಎತ್ಕೊಂಡು ಓದ್ರೆ ನಿಮ್ದೂ ನಿಂತೋಯ್ತದೆ. ನಿಮ್ದು ತಡ ಆಗೋ ಅಂಗಿದ್ರೆ ನಾನೇ ಬಂದು ಮುಂಚೇಲೇ ಯೋಳ್ತೀನಿ. ತಲೆ ತಪ್ಪಿಸ್ಕೊಂಡು ತಿರುಗಾಕಿಲ್ಲ.”

ಶೆಟ್ಟರು ನಸ್ಯ ಏರಿಸಿದರು.

“ನಿನ್ ಗಂಡ ಆಗಿದ್ರೆ, ನಿಮಗೇ ಕೊಡ್ತೀನಿ ಅಂದ್ಬುಡೋನು.”

“ಅವ್ರೂ ಒಂದ್ ಕಂತೂ ತಪ್ಸಿಲ್ಲ ಶೆಟ್ರೆ.”

“ಇಲ್ಲ” ಎಂದರು ಶೆಟ್ಟರು. “ತಪ್ಸಿಲ್ಲ, ನಿಜ.” ಕೋಟು ತೊಟ್ಟು ನಮ್ಮ ಜೊತೆಗೇ ಹೊರಟರು.

ಅಲ್ಲೇ ಹಾಸನದಲ್ಲಿದ್ದ ಏಜೆಂಟನ ಅಂಗಡಿಯಲ್ಲಿ ಅವರು ಜಾಮೀನಿಗೆ ರುಜು ಹಾಕುವಾಗ ಅವನಿಗೆ ತಲೆಬುಡ ತಿಳಿಯಲಿಲ್ಲ. “ಇವ್ರು ನಿಮಗೇ ಕೊಡಬೇಕಲ್ವಾ ಸಾ?”

“ಅದಕ್ಕೇ ಕಣಯ್ಯ ಬಂದಿರೋದು. ಇವ್ರು ಎಂಗೆ ಕೊಡ್ತಾರೆ ಅಂತ ನಂಗಲ್ದೆ ಇನ್ಯಾರಿಗೆ ಗೊತ್ತು?”

ಶೆಟ್ಟರನ್ನು ಧರ್ಮರಾಯರೆಂದು ನಾನು ಹೊಗಳುವುದಿಲ್ಲ. ಅಕ್ಕ ದುಡಿದರೆ ಅವರ ಹಣವೂ ಬೇಗ ಬರುತ್ತದೆ. ಅದು ಅವರಿಗೆ ಚೆನ್ನಾಗಿ ತಿಳಿದಿತ್ತು. ಇರಲಿ. ತಿಳಿಯದವರೇ ಹೆಚ್ಚು.

ಮಿಷನ್ ಬಸ್ಸಿನ ತಲೆಯ ಮೇಲೆ ಕೂತು ಅರಕಲಗೂಡಿಗೆ ಬಂತು. ಭಾವ ತಾವೇ ಹೊತ್ತು ಮನೆಗೆ ತಂದರು, ಕೂಲಿಯವನನ್ನು ಹತ್ತಿರ ಬಿಡಲಿಲ್ಲ. ಶೆಟ್ಟರು ಆಡಿದ ಮಾತನ್ನು ಅಕ್ಕ ಅವರಿಗೆ ಒಂದಕ್ಷರ ಬಿಡದೆ ಹೇಳಿದಳು. ಅವರು ಟವೆಲಿನಿಂದ ಮುಖ ಒರೆಸಿಕೊಂಡು, “ತಪ್ಸಿಲ್ಲ ಅಂದ್ರಾ?” ಎಂದು ಎರಡನೆಯ ಸಲ ಹೇಳಿಸಿಕೊಂಡರು. ಈಗ ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವರೇ ಬಟ್ಟೆ ಕತ್ತರಿಸಿಕೊಡುತ್ತಾರೆ. ಅಂಗಡಿ ಮುಚ್ಚಿದ ಮೇಲೆ ಬಟ್ಟೆಯ ಮಾತೇ ಎತ್ತದಿದ್ದ ಮನುಷ್ಯ, ಮೊನ್ನೆ ನನಗೆ ನೂಲಿನ ಹದದ ಬಗ್ಗೆ ಪಾಠ ಮಾಡಿದರು.

ಸಂತೋಷವೇ. ಆದರೂ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಅವರು ತಿಂಗಳು ತಿಂಗಳೂ ಕಂತು ಕಟ್ಟುತ್ತಿದ್ದುದು ಇಡೀ ಪೇಟೆಗೆ ಗೊತ್ತಿತ್ತು. ಅವರನ್ನು ನಂಬಬಹುದು ಎಂದು ಬಾಯಿಬಿಟ್ಟು ಹೇಳಲು ಸಾಲ ಕೊಟ್ಟವರೇ ಬರಬೇಕಾಯಿತೇ?