ಬಿದ್ದವನನ್ನು ಕೇಳಿ ಕೊಂಡ ಲಿಫ್ಟು

ಎಂಬತ್ತಮೂರನೇ ಇಸವಿಯ ಮಾಗಿಯಲ್ಲಿ ಕಡೂರಿನ ಗಾರೆ ಮೇಸ್ತ್ರಿ ಕಲ್ಲಪ್ಪ ಅಜ್ಜಂಪುರದ ಅಕ್ಕಿ ಗಿರಣಿಯ ಗೋಡೆಗೆ ಕಟ್ಟಿದ್ದ ಬೊಂಬಿನ ಸಾರವೆಯಿಂದ ಬಿದ್ದು ಸತ್ತ. ಹೆಂಡತಿ ಅಂಬಮ್ಮ ಕೆಳಗೆ ಬಗ್ಗಿ ಸಿಮೆಂಟು ಕಲಸುತ್ತಿದ್ದಳು. ಸದ್ದು ಕೇಳಿ ತಿರುಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೇಗೆ ಬಿದ್ದ ಎಂದು ಅವಳು ನೋಡಲಿಲ್ಲ. ಬೇರೆ ಯಾರೂ ನೋಡಿರಲಿಲ್ಲ.

ಅವಳಿಗೆ ಅಳು ಬರಲಿಲ್ಲ. ಬಂದವರು ಅಳುವುದನ್ನು ನೋಡುತ್ತ ಕೂತಿದ್ದಳು. ತಿಥಿ ಮುಗಿದ ಮೇಲೆ ಗಿರಣಿಯ ಸಾಹುಕಾರ ಹೇಳಿ ಕಳಿಸಿದ: ಅರ್ಧ ಆದ ಗೋಡೆಯನ್ನು ಯುಗಾದಿಯೊಳಗೆ ಮುಗಿಸಿ, ಇಲ್ಲದಿದ್ದರೆ ಬೀರೂರಿನವರಿಗೆ ಕೊಡುತ್ತೇನೆ. ಕೆಲಸ ಹೋದರೆ ಆಳುಗಳ ಗುಂಪು ಒಡೆಯುತ್ತದೆ. ಗುಂಪು ಒಡೆದರೆ ಅಂಬಮ್ಮ ಕಂಡವರ ಹೊಲದಲ್ಲಿ ಕಳೆ ಕೀಳಬೇಕು.

ಮೇಲೆ ಹತ್ತುವವನು ಒಬ್ಬನೇ ಉಳಿದಿದ್ದ, ಬೀರಪ್ಪ. ಕಲ್ಲಪ್ಪನ ಹತ್ತಿರವೇ ಕರಣೆ ಹಿಡಿಯಲು ಕಲಿತವನು. ಆಳು ಬಿದ್ದು ಸತ್ತ ಸಾರವೆಯನ್ನು ಆ ಕಡೆ ಯಾರೂ ಮತ್ತೆ ಕಟ್ಟುವುದಿಲ್ಲ. ಅದರ ಬೊಂಬುಗಳು ಅಂಬಮ್ಮನ ಹಿತ್ತಲಲ್ಲಿ ಬಿದ್ದಿದ್ದವು. ಒಲೆಗೆ ಕೂಡ ಯಾರೂ ಕೇಳಲಿಲ್ಲ.

"ಹೊಸ ಬೊಂಬು ತರ್ಸಲಾ?" ಎಂದು ಅಂಬಮ್ಮ ಬೀರಪ್ಪನನ್ನು ಕೇಳಿದಳು.

"ಬೊಂಬೇ ಬ್ಯಾಡಿ ಅತ್ಗೆ. ನಾನು ಹತ್ತಲ್ಲ."

"ತರೀಕೆರೇಲಿ ಒಂದು ಹಳೇ ಲಿಫ್ಟು ಮಾರಕ್ಕೈತಂತೆ. ಕಬ್ಬಿಣದ್ದು."

"ಕಬ್ಬಿಣದ್ದಾದ್ರೆ ಹತ್ತೀನಿ. ಆದ್ರೆ ಅದ್ರ ಮೇಲಿಂದ ಯಾರೂ ಬಿದ್ದಿರಬಾರ್ದು. ಕೇಳ್ಕಂಡು ಬನ್ನಿ."

ಅಂಬಮ್ಮ ಬಸ್ಸು ಹತ್ತಿದಳು.

ತರೀಕೆರೆಯಲ್ಲಿ ಹಳೇ ಕಬ್ಬಿಣದ ವ್ಯಾಪಾರಿ ಈರಭದ್ರಪ್ಪನ ಶೆಡ್ಡಿನಲ್ಲಿ ಲಿಫ್ಟು ನಿಂತಿತ್ತು. ನಾಲ್ಕು ಗಾಲಿ, ಮೇಲೆ ಕಬ್ಬಿಣದ ಚೌಕಟ್ಟು, ಅದರೊಳಗೆ ಇಬ್ಬರು ನಿಲ್ಲುವಷ್ಟು ಹಲಗೆ, ಹಲಗೆಯ ಸುತ್ತ ತೆಗೆದು ಹಾಕುವ ಅಡ್ಡಕಂಬಿ. ಹ್ಯಾಂಡಲ್ ತಿರುಗಿಸಿದರೆ ತಂತಿಹಗ್ಗ ಸುತ್ತಿಕೊಂಡು ಹಲಗೆ ಮೇಲೇರುತ್ತಿತ್ತು.

"ಬೆಣ್ಣೆ ಹಂಗೆ ಏರುತ್ತೆ ತಾಯಿ," ಎಂದ ಈರಭದ್ರಪ್ಪ. "ಹತ್ತಿ ನಿಂತ್ಕೋ, ಇಲ್ಲಿಂದ್ಲೇ ಕೆಮ್ಮಣ್ಣುಗುಂಡಿ ಬೆಟ್ಟ ತೋರಿಸ್ತೀನಿ."

ಅವಳು ನಗಲಿಲ್ಲ. "ಇದ್ರ ಮೇಲಿಂದ ಯಾರಾದ್ರೂ ಬಿದ್ದವ್ರಾ?"

ಈರಭದ್ರಪ್ಪ ಕೈ ಒರೆಸಿಕೊಂಡ. "ಎಲ್ರೂ ಹಗ್ಗ ನೋಡ್ತಾರೆ, ಗಾಲಿ ನೋಡ್ತಾರೆ. ನೀನು ಇದನ್ನ ಕೇಳ್ತೀಯಲ್ಲಮ್ಮ."

"ಹೇಳಿ."

"ಒಬ್ಬ ಬಿದ್ದ. ಸಾಯ್ಲಿಲ್ಲ. ಅಂಜಿನಪ್ಪ ಅಂತ, ಬಸ್‌ಸ್ಟ್ಯಾಂಡ್ ಮುಂದೆ ಬೀಡಿ ಅಂಗಡಿ ಇಟ್ಕಂಡವ್ನೆ. ಅವನ್ನೇ ಹೋಗಿ ಕೇಳು."

ಹೋದಳು. ಅಂಜಿನಪ್ಪ ಒಂದು ಕಾಲು ನೆಟ್ಟಗೆ ಚಾಚಿ ಕೂತಿದ್ದ. ಆ ಕಾಲು ಮಡಚುತ್ತಿರಲಿಲ್ಲ. ಪಕ್ಕದಲ್ಲಿ ಹೆಂಡತಿ ಮಾರಮ್ಮ ವೀಳ್ಯದೆಲೆ ಒರೆಸುತ್ತಿದ್ದಳು. ಅಂಬಮ್ಮ ಲಿಫ್ಟಿನ ಮಾತು ಎತ್ತಿದಳು.

"ಲಿಫ್ಟು ಕೊಳ್ಳಕ್ಕೆ ಬಂದ್ಯಾ? ಅದ್ರದ್ದೇನೂ ತಪ್ಪಿಲ್ಲಮ್ಮ," ಎಂದ ಅಂಜಿನಪ್ಪ. "ಅಡ್ಡಕಂಬಿ ಹಾಕ್ದೆ ಹತ್ತಿದ್ದೆ."

"ಯಾಕೆ ಹಾಕ್ಲಿಲ್ಲ ಅಂತ ಕೇಳಮ್ಮ," ಎಂದಳು ಮಾರಮ್ಮ. "ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದಕ್ಕೆ ಅಡ್ಡ ಬತ್ತಿತ್ತಂತೆ! ಬೀಡಿಗೆ ಕಾಲು ಕೊಟ್ಟ. ಈಗ ಬೀಡೀನೇ ಮಾರ್ತಾನೆ, ಮಾರಿದ್ದಕ್ಕಿಂತ ಸೇದಿದ್ದೇ ಹೆಚ್ಚು."

"ಲೇ, ಸುಮ್ನಿರೇ, ಗಿರಾಕಿ ಮುಂದೆ."

"ಆಹಾ ಗಿರಾಕಿ! ದಿನಾ ಆ ಕಾಲಿಗೆ ಎಣ್ಣೆ ತಿಕ್ಕೋಳು ನಾನು. ಬಯ್ಯೋಳೂ ನಾನೇ."

ಅಂಬಮ್ಮ ಬೈಗುಳ ಮುಗಿಯುವ ತನಕ ಕೇಳಿಸಿಕೊಂಡಳು. ಕೇಳಬೇಕಾದ್ದು ತಿಳಿದಾಗಿತ್ತು. ಆದರೂ ಹೋಗಲಿಲ್ಲ.

"ಬೀಳೋವಾಗ ಏನನ್ನಿಸ್ತು?"

ಮಾರಮ್ಮ ಅವಳ ಹಣೆ ನೋಡಿದಳು, ಬರಿಗೈ ನೋಡಿದಳು, ಎಲೆ ಕೆಳಗಿಟ್ಟಳು.

"ಏನೂ ಇಲ್ಲಮ್ಮ," ಎಂದ ಅಂಜಿನಪ್ಪ. "ಒಂದು ಚಪ್ಪಲಿ ಕಳಚ್ಕಂಡು ಹೋಯ್ತು. ಅಯ್ಯೋ, ಮೊನ್ನೆ ತಗಂಡಿದ್ದು ಅಂದ್ಕಂಡೆ. ಅಷ್ಟೇ."

"ನೋವು?"

"ಅದೆಲ್ಲ ಎಚ್ಚರ ಆದ್ಮೇಲೆ."

ಕಲ್ಲಪ್ಪನಿಗೆ ಎಚ್ಚರವಾಗಿರಲಿಲ್ಲ. ಮಾರಮ್ಮ ಹೋಟೆಲಿನಿಂದ ಟೀ ತರಿಸಿ ಕೊಟ್ಟಳು. ಅಂಬಮ್ಮ ಕುಡಿದಳು. ಬಿಸಿ ಇತ್ತೋ ತಣ್ಣಗಿತ್ತೋ ತಿಳಿಯಲಿಲ್ಲ.

ಶೆಡ್ಡಿಗೆ ವಾಪಸು ಬಂದು ವ್ಯಾಪಾರ ಮುಗಿಸಿದಳು. ತಾಳಿಯ ಚಿನ್ನ ಇನ್ನು ಹಾಕಿಕೊಳ್ಳುವ ಹಾಗಿರಲಿಲ್ಲ. ಅದನ್ನು ಮಾರಿ ದುಡ್ಡು ಕೊಟ್ಟಳು. ಮೂರು ಕಡೆ ಅಡ್ಡಕಂಬಿ ತೆಗೆಯಲು ಬರದಂತೆ ಬೆಸುಗೆ ಹಾಕಿಸಿದಳು. ಹತ್ತಿ ಇಳಿಯುವ ನಾಲ್ಕನೆಯ ಕಡೆಯದಕ್ಕೆ ಕೊಂಡಿ.

ಮಾರನೆಯ ದಿನ ಲಾರಿ ಅಜ್ಜಂಪುರದ ಗಿರಣಿ ಮುಂದೆ ನಿಂತಾಗ ಬೀರಪ್ಪ ಓಡಿ ಬಂದ. ಗಾಲಿ ಮುಟ್ಟಿದ, ಹಗ್ಗ ಎಳೆದು ನೋಡಿದ. ಮುಖ ಅರಳಿತು.

"ಯಾರೂ ಬಿದ್ದಿಲ್ಲ ತಾನೇ ಅತ್ಗೆ?"

ಇಲ್ಲ ಎಂದಿದ್ದರೆ ಹತ್ತಿಬಿಡುತ್ತಿದ್ದ. ತರೀಕೆರೆಗೆ ಹೋಗಿ ಯಾರು ಕೇಳುತ್ತಾರೆ? ನಿಜ ಕೇಳಿ ಅವನು ಬೇಡ ಅಂದುಬಿಟ್ಟರೆ ಚಿನ್ನವೂ ಇಲ್ಲ, ಕೆಲಸವೂ ಇಲ್ಲ.

"ಒಬ್ಬ ಬಿದ್ದವ್ನೆ," ಎಂದಳು ಅಂಬಮ್ಮ. "ಬದುಕವ್ನೆ. ಕಂಬಿ ಹಾಕಿರ್ಲಿಲ್ಲ. ನಾನೇ ಹೋಗಿ ನೋಡ್ಕಂಡು ಬಂದೆ."

ಬೀರಪ್ಪ ಕೈ ತೆಗೆದ. ಲಿಫ್ಟಿನ ಸುತ್ತ ಒಂದು ಸುತ್ತು ಬಂದ. ಉಳಿದ ಆಳುಗಳು ಅವನ ಮುಖವನ್ನೇ ನೋಡುತ್ತಿದ್ದರು.

"ಈಗೇನ್ ಮಾಡ್ತವ್ನೆ ಅವ್ನು?"

"ಹೆಂಡ್ತಿ ಕೈಲಿ ಬೈಸ್ಕಂತಾ ಕೂತವ್ನೆ."

ಬೀರಪ್ಪ ನಕ್ಕುಬಿಟ್ಟ. ನಕ್ಕದ್ದಕ್ಕೆ ನಾಚಿ ತಲೆ ತಗ್ಗಿಸಿದ. ಆಮೇಲೆ ಕರಣೆ ಎತ್ತಿಕೊಂಡ.

"ಹತ್ತೀನಿ. ಹ್ಯಾಂಡಲ್ ನೀವೇ ತಿರುಗಿಸ್ಬೇಕು. ಬ್ಯಾರೆಯೋರ ಕೈಗೆ ಕೊಡಬ್ಯಾಡಿ."

ಸಿಮೆಂಟು ಕಲಸಲು ಬೇರೆ ಹೆಂಗಸು ನಿಂತಳು. ಅಂಬಮ್ಮ ಹ್ಯಾಂಡಲ್ ತಿರುಗಿಸಿದಳು. ಕಲ್ಲಪ್ಪನ ಗಾರೆ ನಿಂತಿದ್ದ ಗೆರೆಯ ತನಕ ಹಲಗೆ ಏರಿತು. ಅಲ್ಲಿಂದ ಬೀರಪ್ಪ ಗಾರೆ ಎಳೆಯಲು ಶುರು ಮಾಡಿದ. ಅವಳು ಕತ್ತು ಎತ್ತಿ ನಿಂತೇ ಇದ್ದಳು. ಭಯವಾಗಲಿಲ್ಲ. ಸಮಾಧಾನವೂ ಆಗಲಿಲ್ಲ. ಕತ್ತು ನೋಯುತ್ತಿತ್ತು, ಅಷ್ಟೇ.

ಮಧ್ಯಾಹ್ನ ಮೇಲಿನಿಂದ ಕೂಗು ಬಂತು. ನಿಧಾನವಾಗಿ ಇಳಿಸಿದಳು. ಬೀರಪ್ಪ ಕೊಂಡಿ ಬಿಚ್ಚಿ ನೆಲಕ್ಕೆ ಕಾಲಿಟ್ಟ.

"ಹೊಟ್ಟೆ ಹಸೀತೈತೆ ಅತ್ಗೆ."

ಅಂಬಮ್ಮ ಬುತ್ತಿ ಬಿಚ್ಚಿ ಅವನಿಗೆ ಮುದ್ದೆ ಹಾಕಿದಳು.