ನಲವತ್ತು ನಿಮಿಷದ ಅಪ್‌ಡೇಟ್

ಅವ್ವ ತೀರಿಕೊಂಡ ಹದಿನಾಲ್ಕನೆಯ ದಿನ ಕುಳಗೇರಿ ಕ್ರಾಸಿನ ಮನೆಯಿಂದ ಬಾಗಲಕೋಟೆಗೆ ಬಂದು ಕೆಲಸಕ್ಕೆ ಹಾಜರಾದೆ. ನವನಗರದಲ್ಲಿ ನಮ್ಮದು ಹನ್ನೆರಡು ಜನರ ಸಾಫ್ಟ್‌ವೇರ್ ಆಫೀಸು. ದೂರದ ಕಂಪನಿಯೊಂದರ ಹಳೆಯ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಅಷ್ಟೂ ಕೋಡು, ಯಾರು ಯಾವಾಗ ಏನು ತಿದ್ದಿದರೆಂಬ ಇತಿಹಾಸದ ಸಮೇತ, ರಿಪಾಸಿಟರಿ ಎಂಬ ಒಂದೇ ಉಗ್ರಾಣದಲ್ಲಿತ್ತು. ಬೆಳಿಗ್ಗೆ ಅಪ್‌ಡೇಟ್ ಒತ್ತಿದರೆ ಉಳಿದವರ ತಿದ್ದುಪಡಿಗಳು ನಮ್ಮ ಕಂಪ್ಯೂಟರಿಗೆ ಬರಲು ನಲವತ್ತು ನಿಮಿಷ ಹಿಡಿಯುತ್ತಿತ್ತು. ಆಗ ಎಲ್ಲರೂ ಚಹಾಕ್ಕೆ ಹೋಗುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಫೋಲ್ಡರುಗಳ ಹೆಸರು ಒಂದರ ಹಿಂದೊಂದು ಪರದೆಯ ಮೇಲೆ ಸರಿಯುವುದನ್ನು ನೋಡುತ್ತ ಕೂತಿರುತ್ತಿದ್ದೆ. ಅಳು ಬರುತ್ತಿರಲಿಲ್ಲ. ಏನೂ ಬರುತ್ತಿರಲಿಲ್ಲ.

ಹಾಗೆ ನೋಡುತ್ತಿದ್ದಾಗಲೇ ಒಂದು ದಿನ ಗಮನಕ್ಕೆ ಬಂತು. ಬದಲಾದದ್ದು ನಾಲ್ಕೇ ಫೈಲು. ಆದರೂ ಅಪ್‌ಡೇಟ್ ಸಾವಿರಾರು ಫೋಲ್ಡರುಗಳಿಗೆ ಹೋಗಿ, ಬೇರೇನೂ ಮುಟ್ಟದಂತೆ ಬೀಗ ಹಾಕಿ, ಒಳಗೆಲ್ಲ ತಡಕಾಡಿ, ಬೀಗ ತೆಗೆದು ಬರುತ್ತಿತ್ತು. ನಮಗೆ ಬೇಕಾದವು ಆ ಫೋಲ್ಡರುಗಳಲ್ಲಿ ಮೂವತ್ತೂ ಇರಲಿಲ್ಲ. ಬೇಕಾದಷ್ಟನ್ನೇ ಇಳಿಸಿಕೊಳ್ಳೋಣವೆಂದು ಮಾಲೀಕರಿಗೆ ಹೇಳಿದೆ. ಏನಾದರೂ ಬಿಟ್ಟುಹೋಗಿ ಪ್ರೋಗ್ರಾಮು ಕೈಕೊಟ್ಟರೆ ಎಂಬ ಭಯ ಅವರಿಗೆ. ನನ್ನ ಕಂಪ್ಯೂಟರಿನಲ್ಲಷ್ಟೇ ಮಾಡಿ ನೋಡಲು ಒಪ್ಪಿದರು. ಎರಡು ಸಲ ಕೆಟ್ಟಿತು. ಯಾವ ಫೋಲ್ಡರಿಗೆ ಯಾವುದು ಬೇಕೆಂದು ಹಾಳೆಯ ಮೇಲೆ ಬರೆದುಕೊಂಡು ಮತ್ತೆ ಮಾಡಿದೆ. ನಲವತ್ತು ನಿಮಿಷ ಎರಡಕ್ಕೆ ಇಳಿಯಿತು. ತಿಂಗಳೊಳಗೆ ಎಲ್ಲರದೂ ಹಾಗೇ ಆಯಿತು. ಮಾಲೀಕರು ಎಲ್ಲರೆದುರು ಹೊಗಳಿದರು. ಬೇರೆ ಯಾರ ಬಗ್ಗೆಯೋ ಹೇಳುತ್ತಿದ್ದಾರೆ ಅನಿಸಿತು.

ಬೆಳಗಿನ ಚಹಾ ನಿಂತಿತು. ನನ್ನ ಪಕ್ಕ ಕೂರುತ್ತಿದ್ದಾಕೆ ಇಳಕಲ್ಲಿನ ನೇಕಾರರ ಮನೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಒಂದು ದಿನ ಅಪ್‌ಡೇಟ್ ಮುಗಿದರೂ ಅವರು ಕೆಲಸಕ್ಕೆ ತೊಡಗಲಿಲ್ಲ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ಅವ್ವಗ ಏನಾಗಿತ್ತು? ನಾ ಇಷ್ಟ್ ದಿನಾ ಕೇಳಲೇ ಇಲ್ಲ ನೋಡು."

ಹೇಳಿದೆ. ಜ್ವರ ಬಂದದ್ದು, ದವಾಖಾನೆ ಬೇಡವೆಂದು ಅವ್ವ ಹಟ ಹಿಡಿದದ್ದು, ಸುದ್ದಿ ತಿಳಿದು ನಾನು ಬಸ್ಸಿಳಿಯುವಷ್ಟರಲ್ಲಿ ಎಲ್ಲ ಮುಗಿದದ್ದು. ಬೇರೆಯವರ ಮನೆಯ ವಿಷಯ ಹೇಳುವಂತೆ, ಒಂದೂ ತಪ್ಪದ ಹಾಗೆ, ಕ್ರಮವಾಗಿ ಹೇಳಿದೆ.

"ಮಾರೀರ ನೋಡಾಕ ಸಿಕ್ತೋ ಇಲ್ಲೋ?" ಎಂದಷ್ಟೇ ಕೊನೆಗೆ ಕೇಳಿದರು.

ಮುಖ ನೋಡಲು ಸಿಕ್ಕಿತು ಎಂದೆ. ಆಗಲೂ ಕಣ್ಣು ಒದ್ದೆಯಾಗಲಿಲ್ಲ. ಆದರೆ ಅವ್ವ ಹೋದ ಮೇಲೆ ಮೊದಲ ಸಲ ಹೊಟ್ಟೆ ಹಸಿದಿತ್ತು. ಹಾಗೆಂದು ಅವರಿಗೆ ಹೇಳಿದೆ. ಇನ್ನೂ ಹನ್ನೊಂದಾಗಿರಲಿಲ್ಲ. ಅವರು ತಮ್ಮ ಡಬ್ಬಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ನನ್ನ ಕೀಬೋರ್ಡಿನ ಪಕ್ಕ ಇಟ್ಟರು.